ಮುಖ ತಿದ್ದದ ಅಂಗಡಿ

11, ಸೋಮವಾರ. ಸಂಜೆ
ಉತ್ತರಪತ್ರಿಕೆ ಮುಗಿಯಿತು. ಆರನೇ ತರಗತಿಯ ಅರ್ಧ ಮಂದಿ ಭೂಮಧ್ಯರೇಖೆಯನ್ನು ಮನಸ್ಸಿಗೆ ಬಂದಲ್ಲಿ ಎಳೆದಿದ್ದಾರೆ. ಇರಲಿ. ಈ ತಿಂಗಳ ಮೂವತ್ತಕ್ಕೆ ನಿವೃತ್ತಿ. ಹೆಡ್ ರೂಮಿನ ಗೋಡೆಯ ಮೇಲೆ ಹಿಂದಿನ ಏಳು ಮುಖ್ಯೋಪಾಧ್ಯಾಯರ ಫೋಟೊ — ಎಂಟನೆಯದು ನನ್ನದು. ಫೋನಿನಲ್ಲಿದ್ದ ಒಂದನ್ನು ಆರಿಸಿ ಮಾರ್ಕೆಟ್ ರಸ್ತೆಯ ಸ್ಟುಡಿಯೊಗೆ ಕೊಟ್ಟೆ.

13, ಬುಧವಾರ
ಪ್ರಿಂಟ್ ಬಂತು. ಯಾರೋ ಸುಂದರ ಹೆಂಗಸು. ಕೆನ್ನೆ, ಹಣೆಯ ಬಿಳಿ ಮಚ್ಚೆ ಒಂದೂ ಇಲ್ಲ. ಇಪ್ಪತ್ತೆರಡು ವರ್ಷದಿಂದ ಮುಖದ ಮೇಲಿರುವವು. ಮಕ್ಕಳು ಬೆನ್ನ ಹಿಂದೆ 'ಭೂಪಟ ಟೀಚರ್' ಎನ್ನುತ್ತಾರೆ. ಭೂಗೋಳ ಕಲಿಸುವವಳಿಗೆ ಇದಕ್ಕಿಂತ ಒಪ್ಪುವ ಹೆಸರು ಬೇಕೆ? ಸ್ಟುಡಿಯೊದವನನ್ನು ಕೇಳಿದೆ. "ಟಚಪ್ ಫ್ರೀ ಮೇಡಂ. ನೀವು ಹೇಳ್ದಿದ್ರೂ ಮಾಡಿದೀವಿ." ದೊಡ್ಡ ಉಪಕಾರ ಮಾಡಿದ ಮುಖ. ಬೈಯಲೂ ಆಗಲಿಲ್ಲ.

19, ಮಂಗಳವಾರ
ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದ್ದ ಪ್ರಿಂಟ್ ಬಂತು. 'ಏನೂ ತಿದ್ದಬೇಡಿ' ಎಂದು ಬರೆದಿದ್ದೆ. ಓದುವವರು ಯಾರು... ಹಿಟ್ಟು ಬಳಿದ ಹಾಗೆ ಮುಖವೆಲ್ಲ ಒಂದೇ ಬಣ್ಣ.
ತಮ್ಮ ನೋಡಿದ. "ಚೆನ್ನಾಗೇ ಇದೆಯಲ್ಲ ಅಕ್ಕ, ಹಾಕ್ಬಿಡು."
"ನಾನು ಪಕ್ಕ ನಿಂತ್ರೆ ಮೇಲಿರೋದು ಯಾರು ಅಂತ ಕೇಳ್ತಾರೆ ಕಣೋ."
"ಪಟ್ಟು ಹಿಡಿದ್ಯಾ, ಮುಗೀತು. ಹುಟ್ಟುಗುಣ ಸುಟ್ಟರೂ ಹೋಗಲ್ಲ."
ಹೋಗುವುದಿಲ್ಲ. ಗೋಡೆಗೆ ಹೋದರೆ ನನ್ನ ಮುಖ. ಇಲ್ಲದಿದ್ದರೆ ಬರೀ ಮೊಳೆ ಇರಲಿ.

22, ಶುಕ್ರವಾರ
ಮೂರನೆಯ ಅಂಗಡಿ. ಮಚ್ಚೆ ಮುಟ್ಟಬೇಡಿ ಎಂದು ಮೂರು ಸಲ ಹೇಳಿದ್ದೆ. ಮುಟ್ಟಲಿಲ್ಲ. ಉಳಿದ ಮುಖವನ್ನೇ ಬೆಳ್ಳಗೆ ಮಾಡಿ ಸರಿಹೊಂದಿಸಿದ್ದಾರೆ. ಸಿಟ್ಟಿನಲ್ಲೂ ನಗು ಬಂತು.

27, ಬುಧವಾರ
ಆಸ್ಪತ್ರೆ ಹಿಂದಿನ ಗಲ್ಲಿಯಲ್ಲಿ ಒಂದು ಪುಟ್ಟ ಫೋಟೊ ಲ್ಯಾಬ್. ನಡೆಸುವವಳು ಹೆಂಗಸು. "ಬಣ್ಣ ಸರಿ ಬರ್ಬೇಕಂದ್ರೆ ಮುಖ ಎದುರಿಗಿರ್ಬೇಕು. ಕೂತ್ಕೊಳ್ಳಿ." ಬೆರಳಗಲದ ಟೆಸ್ಟ್ ಪ್ರಿಂಟ್ ತೆಗೆದು ನನ್ನ ಕೆನ್ನೆಗೆ ಹಿಡಿದಳು. ಇನ್ನೊಂದು. ಮತ್ತೊಂದು. ಇಷ್ಟು ಹತ್ತಿರದಿಂದ, ಅಯ್ಯೋ ಪಾಪ ಎನ್ನದೆ, ಯಾರೂ ನನ್ನನ್ನು ನೋಡಿರಲಿಲ್ಲ. ಐದನೆಯದು ಹೊಂದಿತು. ಆಮೇಲೆ ಯಾಕೋ ಕೈ ತಡೆದಳು.
"ಈ ಫೋಟೊ ಯಾವಾಗಿಂದು ಮೇಡಂ?"
"ಯಾಕಮ್ಮ?"
"ತುಟಿ ಸುತ್ತ ಇರೋದು ಇದ್ರಲ್ಲಿಲ್ಲ. ನಾನಂತೂ ತೆಗ್ದಿಲ್ಲ."
ಐದು ವರ್ಷ ಹಳೆಯದು. ತುಟಿಯ ಸುತ್ತ ಬೆಳ್ಳಗಾಗುವುದಕ್ಕೆ ಮೊದಲಿನದು. ಫೋನಿನಲ್ಲಿ ನಾನೂರು ಫೋಟೊಗಳಿವೆ — ಅದನ್ನೇ ಆರಿಸಿದವಳು ನಾನು. ಆರಿಸುವಾಗಲೇ ಗೊತ್ತಿತ್ತು. ನನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಹುಡುಕಿಕೊಂಡು ಊರೆಲ್ಲ ಸುತ್ತಿದೆ. ನಾಚಿಕೆಯಾಯಿತು.
"ಇದನ್ನೇ ಪ್ರಿಂಟ್ ಹಾಕ್ಲಾ?" ಎಂದಳು.
"ಬೇಡ. ನಾಳೆ ಹೊಸದು ತರ್ತೀನಿ."

28, ಗುರುವಾರ. ಬೆಳಿಗ್ಗೆ 7.10
ಲ್ಯಾಬ್ ತೆಗೆಯುವುದು ಒಂಬತ್ತಕ್ಕೆ. ತಮ್ಮನನ್ನು ಎಬ್ಬಿಸಿ, ಫೋನ್ ಕೊಟ್ಟು, ಕಿಟಕಿ ಬಳಿ ನಿಲ್ಲಿಸಿದ್ದೇನೆ. ನಾಲ್ಕು ತೆಗೆದ. ನಾಲ್ಕರಲ್ಲೂ ನನ್ನ ಕೈ ಬಾಯಿಗೆ ಅಡ್ಡ ಬಂದಿದೆ. ಯಾವಾಗ ಎತ್ತಿದೆನೋ ನನಗೇ ಗೊತ್ತಿಲ್ಲ. ಐದು ವರ್ಷದ ಅಭ್ಯಾಸ. ಅದಕ್ಕೇ ಆ ಕೈಗೆ ಪೆನ್ನು ಕೊಟ್ಟು ಕೂತಿದ್ದೇನೆ.
"ಬರೆದದ್ದು ಸಾಕು, ಇತ್ಲಾಗೆ ನೋಡು ಅಕ್ಕ," ಎನ್ನುತ್ತಿದ್ದಾನೆ.
ಇನ್ನೊಂದು ಸಾಲು ಬರೆದು... ಇಲ್ಲ, ಸಾಕು. ಪೆನ್ನು ಕೆಳಗೆ, ಕೈಯೂ ಕೆಳಗೆ —