ಗೋಣಿ ಹೊರುವವನ ಆಟ

1987 ನವೆಂಬರ್ 9

ಕಂಕನಾಡಿ. ಲೋಕಯ್ಯನ ವಿಡಿಯೋ ಗೇಮ್ ಅಂಗಡಿಯ ಬೋರ್ಡಿಗೆ ಎರಡನೇ ಕೋಟ್. ದುಬೈಯಿಂದ ಬಂದವನಿಗೆ ಎಲ್ಲ ಕೆಂಪೇ ಆಗಬೇಕು. ಹುಲಿ, ರಾಕೆಟ್, ಬೆಂಕಿ — ಕೇಳಿದ್ದೆಲ್ಲ ಬರೆದೆ. ಹುಲಿಯ ಕಣ್ಣಿಗೇ ಅರ್ಧ ದಿನ. ಎಡಗೈ ಸೋತುಹೋಯಿತು. ಒಬ್ಬನಾದರೂ ತಲೆ ಎತ್ತಿ ನೋಡಲಿಲ್ಲ. ಎಲ್ಲ ಒಳಗೆ, ಟಿವಿ ಮುಂದೆ, ಕಮರುದ್ದೀನನ ಬೆನ್ನ ಹಿಂದೆ.

ಯಾರಿವನು? ಬಂದರಿನ ಗೋದಾಮಿನಲ್ಲಿ ಗೋಣಿ ಹೊರುವ ಅಬೂಬಕ್ಕರನ ಮಗ. ಆ ಗೋದಾಮಿನ ಬೋರ್ಡೂ ನಾನೇ ಬರೆದದ್ದು, ಹೋದ ವರ್ಷ. ಅವನ ಭಾವ ಗಲ್ಫಿನಿಂದ ತಂದುಕೊಟ್ಟ ಪುಟ್ಟ ಕಂಪ್ಯೂಟರಿನಲ್ಲಿ ತಾನೇ ಒಂದು ಗೇಮ್ ಮಾಡಿದ್ದಾನೆ. ಬ್ರಷ್ ಹಿಡಿಯಲು ಬಾರದು. ಅವನು ಆರ್ಟಿಸ್ಟ್ ಅಂತೆ. ನಾನು ಪೇಂಟರ್.

ನವೆಂಬರ್ 11

ಚಾ ಕುಡಿಯುವ ನೆಪದಲ್ಲಿ ಬಾಗಿಲಲ್ಲಿ ನಿಂತು ನೋಡಿದೆ. ಕ್ಯಾಸೆಟ್ ಹಾಕಿದರೆ ಕೀಂ... ಎಂದು ಕಿರುಚಿ ಆಟ ಬರುತ್ತದೆ. ಗೋಣಿ ಹೊತ್ತ ಒಬ್ಬ. ದೋಣಿಯಿಂದ ಗೋದಾಮಿಗೆ. ಮುಟ್ಟಿಸಿದರೆ ಬಹುಮಾನವಿಲ್ಲ, ಮುಂದಿನ ಗೋಣಿ ಇನ್ನೂ ಭಾರ. ಕೊನೆಗೆ ಬೀಳುವುದೇ.

“ಇದೆಂತ ಆಟ ಮಾರಾಯ, ಗೆಲ್ಲಲಿಕ್ಕೇ ಇಲ್ಲವಲ್ಲ?” ಲೋಕಯ್ಯ ಕೇಳಿದ.

“ನಮ್ಮ ಅಪ್ಪ ಗೆದ್ದದ್ದು ನೀವು ನೋಡಿದ್ದೀರಾ?” ಎಂದ ಕಮರುದ್ದೀನ್.

ಅಂಗಡಿ ಇಡೀ ಸುಮ್ಮನಾಯಿತು. ನನಗೆ ಹೊಟ್ಟೆ ಉರಿದುಹೋಯಿತು. ಇಷ್ಟು ವರ್ಷ ಊರ ತುಂಬ ಬರೆದೆ, ನನ್ನ ಚಿತ್ರದ ಮುಂದೆ ಯಾರೂ ಹಾಗೆ ಸುಮ್ಮನಾಗಲಿಲ್ಲ. ನಾಲ್ಕು ಚೌಕದ ಚುಕ್ಕೆಗಳಿಗೆ ಇಷ್ಟು ಮರ್ಯಾದೆ...

ನವೆಂಬರ್ 12

ಇವತ್ತೂ ನೋಡಿದೆ. ಆಟದ ದಾರಿ ಮಧ್ಯೆ ಒಂದು ಉದ್ದ ಮರ. ಮೇಲೆ ಒಬ್ಬ, ಕೈಯಲ್ಲಿ ಏನೋ. ಅದರ ಬುಡದಲ್ಲಿ ನಿಂತರೆ ಗೋಣಿ ಇಳಿಯುತ್ತದೆ, ಗಡಿಯಾರ ನಿಲ್ಲುತ್ತದೆ. ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು.

ನನಗೆ ತಿಳಿಯದಾ? ತಾಳೆ ಮರ. ಶೇಂದಿ ಇಳಿಸುವವ. ಬುಡದಲ್ಲಿ ಕುಡಿದು ಆರಾಮ ಮಾಡುವವರು. ನನ್ನ ಅಪ್ಪ ಶೇಂದಿ ಇಳಿಸುತ್ತಿದ್ದದ್ದು ಕಮರುದ್ದೀನನಿಗೆ ಗೊತ್ತುಂಟು, ನಾನೇ ಹೇಳಿದ್ದೆ. ಅವನ ಅಪ್ಪನ ಕಷ್ಟ ಆರ್ಟ್. ನನ್ನ ಅಪ್ಪ ತಮಾಷೆ.

ನವೆಂಬರ್ 16

ಲೋಕಯ್ಯ ತಲೆಬಿಸಿಯಲ್ಲಿದ್ದ. ಒಂದು ಆಟಕ್ಕೆ ಒಂದು ರೂಪಾಯಿ. ಕೂತವರು ಏಳುವುದೇ ಇಲ್ಲ.

“ಮರದ ಬುಡದಲ್ಲಿ ನಿಂತು ಪಟ್ಟಾಂಗ ಹೊಡೀತಾರಲ್ಲ, ಅಲ್ಲೇ ನಿನ್ನ ವ್ಯಾಪಾರ ಹೋಗುವುದು” ಅಂದೆ. “ಅದನ್ನು ತೆಗೆಸು.”

“ಹೌದಲ್ಲ ಮಾರಾಯ. ನಿನಗೆ ತಲೆ ಉಂಟು.”

ಮಧ್ಯಾಹ್ನ ಮೀನು ಸಾರಿನಲ್ಲಿ ಎರಡೆರಡು ಸಲ ಬಡಿಸಿಕೊಂಡು ಉಂಡೆ.

ನವೆಂಬರ್ 27

ಕಮರುದ್ದೀನ್ ಮರ ತೆಗೆದನಂತೆ. ಮೊದಲು ಆಗುವುದೇ ಇಲ್ಲ ಅಂದನಂತೆ. ಹಾಗಾದರೆ ನಿನ್ನ ಗೇಮೇ ಬೇಡ, ಬೊಂಬಾಯಿಯಿಂದ ರಾಕೆಟ್ ಗೇಮ್ ತರಿಸ್ತೇನೆ ಎಂದನಂತೆ ಲೋಕಯ್ಯ. ಹಳೆ ಕ್ಯಾಸೆಟ್ಟಿನ ಮೇಲೆಯೇ ಹೊಸತು ರೆಕಾರ್ಡ್ ಮಾಡಿಸಿದ. ಹಳೆಯದು ಎಲ್ಲಿಯೂ ಇಲ್ಲ.

ಈಗ ಗೋಣಿಯವನಿಗೆ ನಿಲ್ಲಲು ಜಾಗವಿಲ್ಲ. ಮಕ್ಕಳು ಬೇಗ ಬೀಳುತ್ತಾರೆ, ಬೇಗ ರೂಪಾಯಿ ಕೊಡುತ್ತಾರೆ. ನನಗೆ ಖುಷಿ. ಖುಷಿಯೇ.

ಡಿಸೆಂಬರ್ 2

ಬಾಗಿಲ ಮೇಲೆ ಗೇಮಿನ ಹೆಸರು ಬರೆಯುತ್ತಿದ್ದೆ. ಕಮರುದ್ದೀನ್ ಬಂದು ಏಣಿಯ ಬುಡ ಹಿಡಿದು ನಿಂತ.

“ನೋಣಯ್ಯಣ್ಣ, ಬೇಜಾರು ಮಾಡಬೇಡಿ. ನಿಮ್ಮನ್ನು ತೆಗೆಯಬೇಕಾಯಿತು.”

“ನನ್ನನ್ನಾ?”

“ಆಟದಲ್ಲಿ ಏಣಿ ಮೇಲೆ ಇದ್ದದ್ದು ನೀವೇ ಅಲ್ಲವಾ? ಎಡಗೈಯಲ್ಲಿ ಬ್ರಷ್ಷು... ಗೋದಾಮಿನ ಬೋರ್ಡ್ ಬರೆಯುವಾಗ ಅಪ್ಪ ಗೋಣಿ ಇಳಿಸಿ ನಿಮ್ಮ ಏಣಿ ಹತ್ರ ನಿಲ್ತಿದ್ದರು, ನೋಡ್ಲಿಕ್ಕೆ. ಮನೆಗೆ ಬಂದು ಹೇಳುವುದು, ಇವತ್ತು ಅಕ್ಷರಕ್ಕೆ ನೆರಳು ಕೊಟ್ಟ, ಇವತ್ತು ಹಳದಿ ಹಾಕಿದ ಅಂತ. ದಿನದಲ್ಲಿ ಅವರು ನಿಲ್ಲುವುದು ಅಷ್ಟೇ.”

ತಾಳೆ ಮರ ಅಲ್ಲ, ಏಣಿ. ನನಗೆ ಗೊತ್ತೇ ಇರಲಿಲ್ಲ. ಬೆನ್ನ ಹಿಂದೆ ಒಬ್ಬರು ನಿಂತು ನೋಡುತ್ತಿದ್ದರು, ದಿನಾ.

“ಲೋಕಯ್ಯಣ್ಣನಿಗೆ ಅದೆಲ್ಲ ತಲೆಗೆ ಹೋಗುವುದಿಲ್ಲ” ಎಂದ ಕಮರುದ್ದೀನ್. “ಯಾರೋ ಹೇಳಿಕೊಟ್ಟಿದ್ದಾರೆ. ಯಾರಿರಬಹುದು ಅಣ್ಣ?”

ಏಣಿ ಹಿಡಿದೇ ಇದ್ದ, ನಾನು ಬೀಳದ ಹಾಗೆ. ನಾನು ಕೆಳಗೆ ನೋಡಿದೆ. ಹೇಳಬೇಕೆಂದು ಬಾಯಿ ತೆರೆದೆ —