ಸೊಂಟದೆತ್ತರದ ಗೋಡೆ

ಮಣ್ಣಗುಡ್ಡ, ಮಂಗಳೂರು
ಮಂಗಳವಾರ, 12 ನವೆಂಬರ್ 2024

ಪ್ರೀತಿಯ ಶಶಿ,

ನೀನು ಹೇಗಿದ್ದೀ? ಮಸ್ಕತ್ತಿನ ಆ ಎ.ಸಿ.ಯ ಗಾಳಿಗೆ ಮಂಡಿನೋವು ಹೆಚ್ಚಾಗಿಲ್ಲ ತಾನೆ? ಮನ್ವಿತಾ ಬಾಣಂತಿ ಲೇಹ್ಯವನ್ನು ಮುಖ ಸಿಂಡರಿಸದೆ ತಿನ್ನುತ್ತಾಳೆ ಎಂದು ನೀನು ಹೇಳಿದ್ದನ್ನು ನಾನು ನಂಬಿಲ್ಲ. ಚಿಕ್ಕವಳಿದ್ದಾಗ ಕಷಾಯವನ್ನೆಲ್ಲ ಹೂವಿನ ಚಟ್ಟಿಗೆ ಹೊಯ್ದು ಆ ಗುಲಾಬಿ ಗಿಡವನ್ನೇ ಕೊಂದವಳು ಅವಳು, ತಾಯಿಯಾದ ಮಾತ್ರಕ್ಕೆ ನಮ್ಮ ಮಗಳು ಬದಲಾಗುತ್ತಾಳೆಯೇ? ಕೂಸು ಮಗುಚಲು ಶುರು ಮಾಡಿತೆಂದು ಅಳಿಯ ಅಕ್ಷಿತ್ ವಿಡಿಯೋ ಕಳಿಸಿದ್ದ. ನೋಡಿದೆ, ನಾಲ್ಕು ಸಲ ನೋಡಿದೆ. ನಾನು ಆರಾಮ ಇದ್ದೇನೆ. ಕಳೆದ ವಾರ ಸ್ವಲ್ಪ ಶೀತ ಆಗಿತ್ತು, ಈಗ ಇಲ್ಲ.

ದಿನಾ ಫೋನಿನಲ್ಲಿ ಮಾತಾಡುವವರಿಗೆ ಕಾಗದ ಎಂತಕ್ಕೆ ಎಂದು ನೀನು ನಗಬಹುದು. ಫೋನಿನಲ್ಲಿ ನೀವು ಸ್ಪೀಕರ್ ಹಾಕಿರುತ್ತೀರಿ. ನಾನು ಒಂದು ವಿಷಯ ತೆಗೆಯುವಷ್ಟರಲ್ಲಿ ಕೂಸು ಅಳುತ್ತದೆ, ಇಲ್ಲದಿದ್ದರೆ ಮನ್ವಿತಾ ಅದನ್ನು ಎತ್ತಿಕೊಂಡು ಬಂದು ಕ್ಯಾಮೆರಾದ ಎದುರು ಹಿಡಿಯುತ್ತಾಳೆ, ನಾನು ಕೈ ಬೀಸುತ್ತೇನೆ, ಅಲ್ಲಿಗೆ ಮುಗಿಯಿತು. ಕುದ್ರೋಳಿಯ ಹಾಶಿಂ ಗುರುವಾರ ಮಸ್ಕತ್ತಿಗೆ, ಅವರ ಮಗನ ಮನೆಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಹಲಸಿನ ಹಪ್ಪಳ, ಒಣಗಿಸಿದ ಪುನರ್ಪುಳಿ ಮತ್ತು ಎರಡು ಕಿಲೋ ಕುಚ್ಚಲಕ್ಕಿ ಕಳಿಸುತ್ತಿದ್ದೇನೆ. ಕಾಗದ ಹಪ್ಪಳದ ಕಟ್ಟಿನ ಅಡಿಯಲ್ಲಿದೆ, ಏಕೆಂದರೆ ಹಪ್ಪಳದ ಕಟ್ಟನ್ನು ನೀನಲ್ಲದೆ ಬೇರೆ ಯಾರೂ ಬಿಚ್ಚುವುದಿಲ್ಲ. ಒಬ್ಬಳೇ ಇರುವಾಗ ಓದು. ನಾವು ಜನ್ಮದಲ್ಲಿ ಕನ್ನಡದಲ್ಲಿ ಮಾತಾಡಿಕೊಂಡವರಲ್ಲ. ಜಗಳ ಆಡಿದ್ದೂ ರಾಜಿಯಾದದ್ದೂ ತುಳುವಿನಲ್ಲಿ. ಬರೆಯಲು ಕೂತರೆ ಮಾತ್ರ ನನ್ನ ಕೈಯಿಂದ ಅರ್ಜಿಯ ಕನ್ನಡವೇ ಬರುತ್ತದೆ. ಇಪ್ಪತ್ತೆಂಟು ವರ್ಷ ಊರಿನವರ ಅರ್ಜಿ ಬರೆದ ಕೈ ಅಲ್ಲವೇ, ಸಹಿಸಿಕೋ.

ಏನು ಕಳಿಸಲಿಕ್ಕುಂಟು ಎಂದು ಕೇಳಲು ಹಾಶಿಂ ಭಾನುವಾರ ಬಂದಿದ್ದರು. ನಮ್ಮ ಹಳೆ ಝೆರಾಕ್ಸ್ ಅಂಗಡಿಯ ಬೆಂಚಿನಲ್ಲಿ ಬೆಳಿಗ್ಗೆ ಪೇಪರು ಓದುತ್ತಾ ಒಂದು ಪುಟಕ್ಕೆ ಒಂದು ಸಲ ಸರಕಾರವನ್ನು ಬೈಯುತ್ತಿದ್ದ ಮನುಷ್ಯ, ಅದೇ ಜಾಗದಲ್ಲಿ ಈಗ ಗೇಟಿನ ಹೊರಗೆ ನಿಂತಿದ್ದರು. ಹೊಸ ವಾಚ್‌ಮನ್ ಪುಸ್ತಕ ಕೊಟ್ಟು ಹೆಸರು, ಫೋನ್ ನಂಬರು, ಬಂದ ಉದ್ದೇಶ ಎಲ್ಲ ಬರೆಯಲು ಹೇಳಿದನಂತೆ. ಉದ್ದೇಶದ ಜಾಗದಲ್ಲಿ ಅವರು 'ಸುಮ್ಮನೆ' ಎಂದು ಬರೆದರು. ಹಾಗೆ ಬರೆಯಲಿಕ್ಕಿಲ್ಲ ಎಂದು ವಾಚ್‌ಮನ್ ಹೇಳಿದ್ದಕ್ಕೆ ಅದನ್ನು ಹೊಡೆದು 'ಪಾರ್ಸೆಲ್' ಎಂದು ತಿದ್ದಿದರು. ಮೇಲೆ ಬಂದು ಬೆಲ್ಲ ನೀರು ಕುಡಿದು ಈ ಕಥೆ ಹೇಳಿ ತುಂಬಾ ನಕ್ಕರು, ನಾನೂ ನಕ್ಕೆ. ಅವರು ಹೋದ ಮೇಲೆ ಲೆಕ್ಕ ಹಾಕಿ ನೋಡಿದರೆ, ನೀನು ಹೋದ ನಾಲ್ಕು ತಿಂಗಳಲ್ಲಿ ಈ ಮನೆಯಲ್ಲಿ ಬೆಲ್ಲ ನೀರು ಕುಡಿದ ಮೊದಲ ಮನುಷ್ಯ ಅವರೇ.

ನಮ್ಮ ಅಂಗಡಿ ಮನೆ ಒಡೆದು ಈ ಕಟ್ಟಡ ಬಂದು ಮೂರು ವರ್ಷ ಆಯಿತು. ನಿಮ್ಮ ಕುಟುಂಬದ ಜಾಗ, ನಿಮ್ಮ ಅಣ್ಣಂದಿರು ಬಿಲ್ಡರಿಗೆ ಕೊಟ್ಟದ್ದು, ನಿನ್ನ ಪಾಲಿಗೆ ಮೂರನೇ ಮಾಳಿಗೆಯ ಫ್ಲ್ಯಾಟ್ ಬಂದದ್ದು, ಅದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಮನೆ ಚೆನ್ನಾಗಿದೆ, ಸೋರುವುದಿಲ್ಲ. ಆದರೆ ಕೆಳಗೆ ಪೂರ್ತಿ ಕಂಬ ಮತ್ತು ಕಾರು, ರಸ್ತೆಗೆ ಏಳು ಅಡಿ ಗೋಡೆ. ಅದರ ಉದ್ದ ನನ್ನ ಹೆಜ್ಜೆಯಲ್ಲಿ ನಲವತ್ತೊಂದು. ಸಂಜೆ ಬಾಲ್ಕನಿಯಲ್ಲಿ ಕೂತು ನೋಡುತ್ತೇನೆ. ಬಟ್ಟೆ ಅಂಗಡಿಗಳ ಕೆಲಸ ಬಿಟ್ಟು ಬರುವ ಹುಡುಗಿಯರು ನಮ್ಮ ಗೋಡೆ ಶುರುವಾಗುವಲ್ಲಿ ರಸ್ತೆ ದಾಟಿ, ಎದುರಿನ ಟೈಲರ್ ಅಂಗಡಿಯ ಬೆಳಕಿನಲ್ಲಿ ನಡೆದು, ಗೋಡೆ ಮುಗಿದ ಮೇಲೆ ಬಸ್‌ಸ್ಟಾಪಿಗಾಗಿ ಮತ್ತೆ ಈಚೆ ದಾಟುತ್ತಾರೆ. ಅಷ್ಟು ವಾಹನಗಳ ನಡುವೆ ಎರಡು ಸಲ ದಾಟಿದರೂ ಸರಿ, ಈ ಗೋಡೆಯ ಪಕ್ಕ ಬೇಡ. ನಮ್ಮ ಅಂಗಡಿ ಇದ್ದಾಗ ಇಲ್ಲಿ ಯಾರೂ ದಾಟುತ್ತಿರಲಿಲ್ಲ. ನಾನು ಅರ್ಧ ಗಂಟೆ ತಡವಾಗಿ ಬಾಗಿಲು ತೆಗೆದರೆ ಐದು ಜನ ಹಿಂದಿನ ಮನೆಗೆ ಬಂದು "ಎಂತ ಆಯ್ತು ಮಾರಾಯ್ರೆ, ಹುಷಾರಿಲ್ವಾ?" ಎಂದು ಕೇಳುತ್ತಿದ್ದರು, ನಿನಗೆ ನೆನಪಿರಬಹುದು. ಆಗ ನನಗೆ ಅದು ಕಿರಿಕಿರಿ ಆಗುತ್ತಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಸೆಪ್ಟೆಂಬರಿನಲ್ಲಿ ಪೇಪರಿನ ಮೂಲೆಯಲ್ಲಿ ಒಂದು ಪ್ರಕಟಣೆ ಇತ್ತು. ನಗರದ ಕಟ್ಟಡಗಳಿಗೆ ಹೊಸ ನಿಯಮ ಬರುತ್ತದೆ, ಕರಡು ಇಟ್ಟಿದ್ದೇವೆ, ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಕೊಡಬಹುದು ಎಂದು. ನಾನು ಪಾಲಿಕೆಯ ಕಚೇರಿಗೆ ಹೋಗಿ ಒಂದು ಪ್ರತಿ ಕೇಳಿದೆ. ಒಂದೇ ಉಂಟು, ಹೊರಗೆ ಝೆರಾಕ್ಸ್ ಮಾಡಿಸಿ ವಾಪಸ್ ಕೊಡಿ ಎಂದರು. ನಾನು, ನಾನೇ, ಶಶಿ, ಇನ್ನೊಬ್ಬನ ಅಂಗಡಿಯಲ್ಲಿ ಸಾಲಿನಲ್ಲಿ ನಿಂತು ಝೆರಾಕ್ಸ್ ಮಾಡಿಸಿದೆ. ಅರವತ್ತನಾಲ್ಕು ಪುಟ, ಎಲ್ಲ ಓರೆಯಾಗಿ ಬಂದಿತ್ತು. ಬಾಯಿ ಮುಚ್ಚಿಕೊಂಡು ತಂದೆ. ಇಂಗ್ಲಿಷಿನಲ್ಲಿದ್ದದ್ದನ್ನು ಮನ್ವಿತಾಳ ಹಳೆ ಡಿಕ್ಷನರಿ ಇಟ್ಟುಕೊಂಡು ಹತ್ತು ದಿನ ಓದಿದೆ. ಒಟ್ಟು ಸಾರ ಇಷ್ಟೇ: ಜನ ನಡೆಯುವ ರಸ್ತೆಯಲ್ಲಿ ಕಟ್ಟಡ ಜನರಿಗೆ ಬೆನ್ನು ಹಾಕಿ ನಿಲ್ಲಬಾರದು. ಎದುರಿನ ಗೋಡೆ ಸೊಂಟದೆತ್ತರಕ್ಕಿಂತ ಮೇಲೆ ಹೋಗಬಾರದು. ಕಾರು ಹಿಂದೆ ನಿಲ್ಲಲಿ, ಮುಂದೆ ಅಂಗಡಿಯೋ ಕ್ಲಿನಿಕ್ಕೋ ಇರಲಿ, ಅದರ ಬಾಗಿಲು ನೇರ ಫುಟ್‌ಪಾತಿಗೆ ತೆರೆಯಲಿ, ಮೇಲೆ ಮಳೆ ಬಿಸಿಲಿಗೆ ಒಂದು ಮಾಡು ಇರಲಿ, ಮಾಳಿಗೆಯ ಮನೆಗಳಲ್ಲಿ ಜನ ಇರಲಿ. ನಮ್ಮ ಹಳೆ ಅಂಗಡಿ ಮನೆ ಯಾವ ನಿಯಮವೂ ಇಲ್ಲದೆ ಇದ್ದದ್ದು ಹಾಗೆಯೇ ಅಲ್ಲವೇ? ಇನ್ನೊಂದು ಮಾತೂ ಅದರಲ್ಲಿತ್ತು. ಈಗಾಗಲೇ ಇರುವ ಕಟ್ಟಡದವರೂ ಅರ್ಧಕ್ಕಿಂತ ಹೆಚ್ಚು ಮಾಲೀಕರು ಒಪ್ಪಿದರೆ ತಮ್ಮ ಮುಂಭಾಗ ಬದಲಾಯಿಸಲು ಈ ನವೆಂಬರ್ ಕೊನೆಯ ತನಕ ಅರ್ಜಿ ಹಾಕಬಹುದು. ಅದನ್ನು ಓದಿದ ದಿನ ನನಗೆ ಎರಡು ಊಟದ ಹಸಿವಾಯಿತು.

ಅಕ್ಟೋಬರಿನಲ್ಲಿ ಅವರು ಜನರ ಅಭಿಪ್ರಾಯ ಕೇಳುವ ಸಭೆ ಕರೆದಾಗ ಹೋಗಿದ್ದೆ. ಪಡೀಲಿನಿಂದ ಒಬ್ಬರು, ತಮ್ಮ ಓಣಿಯಲ್ಲಿ ಫುಟ್‌ಪಾತೇ ಇಲ್ಲ, ಅದಕ್ಕೆ ಬಾಗಿಲು ತೆರೆಯುವುದು ಹೇಗೆ ಎಂದು ಕೇಳಲು ಬಂದಿದ್ದರು. ಉಳಿದವರೆಲ್ಲ ಬಿಲ್ಡರ್‌ಗಳ ಇಂಜಿನಿಯರುಗಳು. ಜುವೈರಿಯಾ ಎಂಬ ಅಧಿಕಾರಿ, ನಮ್ಮ ಮನ್ವಿತಾಳ ಪ್ರಾಯ ಇರಬಹುದು, "ನಿಮ್ಮ ಆಕ್ಷೇಪಣೆ ಎಂತ ಸರ್?" ಎಂದು ಕೇಳಿದಳು. ಆಕ್ಷೇಪಣೆ ಇಲ್ಲ, ಸೇರಿಸಲಿಕ್ಕೆ ಒಂದು ಉಂಟು ಎಂದೆ. ಅಂಗಡಿಯ ಎದುರು, ಮಾಡಿನ ಅಡಿಯಲ್ಲಿ ಒಂದು ಬೆಂಚು ಕಡ್ಡಾಯ ಮಾಡಿ, ಎತ್ತರ ಹದಿನೆಂಟು ಇಂಚು ಎಂದು ಬರೆದುಕೊಟ್ಟೆ. ಇಂಜಿನಿಯರುಗಳು ನಕ್ಕರು. ಅವಳು ನಗಲಿಲ್ಲ, ಹದಿನೆಂಟೇ ಯಾಕೆ ಎಂದು ಕೇಳಿದಳು. ಅದಕ್ಕಿಂತ ಕೆಳಗಿದ್ದರೆ ಮಂಡಿನೋವಿನವರಿಗೆ ಏಳಲಿಕ್ಕೆ ಆಗುವುದಿಲ್ಲ, ಮೇಲಿದ್ದರೆ ಕಾಲು ನೆಲಕ್ಕೆ ತಾಗುವುದಿಲ್ಲ ಎಂದೆ. ಅದು ನಿನ್ನ ಮಂಡಿಯ ಅಳತೆ ಎಂದು ಹೇಳಲಿಲ್ಲ. ಅವಳು ಬರೆದುಕೊಂಡಳು. ಬರುವಾಗ ಬಸ್ಸಿನಲ್ಲಿ ಕೊಡೆ ಮರೆತು ಬಂದೆ, ನಿನ್ನ ಕಪ್ಪು ಕೊಡೆ, ಅದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಮನೆಗೆ ಬಂದು ಅಸೋಸಿಯೇಷನ್ನಿಗೆ ಅರ್ಜಿ ಬರೆದೆ. ಕಾರಿಲ್ಲದ ನಮಗೆ ಕೊಟ್ಟ ಪಾರ್ಕಿಂಗ್ ಜಾಗ ರಸ್ತೆಯ ಮೂಲೆಗೇ ಇದೆಯಲ್ಲ, ನಮ್ಮ ಹಳೆ ಮೆಷಿನ್ ಟಾರ್ಪಾಲು ಹೊದ್ದು ಕೂತಿರುವುದು ಅಲ್ಲಿ. ಅಷ್ಟೇ ಜಾಗದಲ್ಲಿ ಒಂದು ಸಣ್ಣ ಅಂಗಡಿ, ಎದುರಿಗೆ ಬೆಂಚು, ಉಳಿದ ಗೋಡೆಯನ್ನು ಸೊಂಟದೆತ್ತರಕ್ಕೆ ಇಳಿಸುವುದು. ಯಾರ ಕಾರಿಗೂ ತೊಂದರೆ ಇಲ್ಲ. ನಕ್ಷೆಯನ್ನೂ ನಾನೇ ಗ್ರಾಫ್ ಕಾಗದದಲ್ಲಿ ಬರೆದೆ. ಸೆಕ್ರೆಟರಿ ಪಿಯುಸ್ ಒಳ್ಳೆಯ ಮನುಷ್ಯ, ಆದರೆ ಬ್ಯಾಂಕಿನಲ್ಲಿ ಇದ್ದವರು, ಎಲ್ಲದರಲ್ಲೂ ಕಳ್ಳನನ್ನು ಕಾಣುತ್ತಾರೆ. "ಚಿತ್ತಣ್ಣ, ಹೊರಗಿನವರೆಲ್ಲ ಬಂದು ಕೂತ್ಕೊಳ್ತಾರೆ, ನಮಗೆ ಎಂತಕ್ಕೆ ಈ ರಗಳೆ?" ಎಂದರು. ಹೊರಗಿನವರು ಬಂದು ಕೂತುಕೊಳ್ಳಲಿ ಎಂದೇ ನಾನು ಬೆಂಚು ಕೇಳಿದ್ದು ಎಂದು ಹೇಗೆ ಹೇಳುವುದು? ಅವರು ಮಾಲೀಕರ ವಾಟ್ಸಾಪ್ ಗುಂಪಿನಲ್ಲಿ ಹಾಕಿದರು. ಯಾರ ಅರ್ಜಿ ಎಂದು ಹಾಕಲಿಲ್ಲ, ಹೆಸರು ಬೇಡ ಎಂದು ನಾನೇ ಹೇಳಿದ್ದೆ, ನಾಚಿಕೆಯಾಯಿತು. 'ಕೆಳಗೆ ಅಂಗಡಿ ಬೇಡ, ಭದ್ರತೆಗಾಗಿ ಗೋಡೆ ಹಾಗೇ ಇರಲಿ ಎನ್ನುವವರು ಹೆಬ್ಬೆರಳು ಒತ್ತಿ' ಎಂದು ಹಾಕಿದರು.

ಆ ಗುಂಪಿನಲ್ಲಿ ನಾನಿಲ್ಲ. ಮನೆ ನಿನ್ನ ಹೆಸರಿನದು. ಆಸ್ತಿ ಹೆಣ್ಣಿನ ಕಡೆಗೆ ಹೋಗುವ ಅಳಿಯಕಟ್ಟಿನ ಮನೆಯಲ್ಲಿ ಗಂಡನಿಗೆ ಊಟ ಉಂಟು, ವೋಟು ಇಲ್ಲ ಎಂದು ನಾನು ಯಾವಾಗಲೂ ತಮಾಷೆ ಮಾಡುತ್ತಿದ್ದೆ, ಈ ಸಲ ಅದು ನಿಜವಾಯಿತು. ಒಟ್ಟು ಹದಿಮೂರು ಮನೆ. ಶುಕ್ರವಾರ ಲಿಫ್ಟಿನಲ್ಲಿ ಪಿಯುಸ್ ತಮ್ಮ ಫೋನು ತೋರಿಸಿದರು. ಒತ್ತದೆ ಇದ್ದವರು, ಎಂದರೆ ಗೋಡೆ ಇಳಿಯಲಿ ಎನ್ನುವ ಲೆಕ್ಕದವರು, ಆರು ಮನೆ. ಗೋಡೆ ಇರಲಿ ಎಂದು ಹೆಬ್ಬೆರಳು ಒತ್ತಿದವರು ಏಳು. ಆ ಏಳರಲ್ಲಿ ಎಲ್ಲರಿಗಿಂತ ಮೊದಲನೆಯದು ನಿನ್ನದು, ಪಕ್ಕದಲ್ಲಿ ಕೈಮುಗಿದ ಚಿತ್ರವೂ ಇತ್ತು. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಯ ಮೀಟಿಂಗಿನಲ್ಲಿ ಲೆಕ್ಕ ಅಂತಿಮವಾಗುತ್ತದೆ, ಅಲ್ಲಿಯವರೆಗೆ ಬದಲಾಯಿಸಬಹುದಂತೆ.

ನೀನು ಓದದೆ ಒತ್ತಿರುತ್ತೀ ಎಂದು ಮೊದಲು ಅಂದುಕೊಂಡೆ. ನೀರು ಬರುವುದಿಲ್ಲ ಎಂದರೂ ಹೆಬ್ಬೆರಳು, ಲಿಫ್ಟು ಕೆಟ್ಟಿದೆ ಎಂದರೂ ಹೆಬ್ಬೆರಳು, ಐದನೇ ಮಾಳಿಗೆಯ ಅಜ್ಜಿ ತೀರಿಕೊಂಡಾಗಲೂ ಹೆಬ್ಬೆರಳು ಒತ್ತಿದವಳು ನೀನು. ಮೇಲೆ ಬಂದು ಕೂತ ಮೇಲೆ ಇನ್ನೊಂದು ಯೋಚನೆ ಬಂತು. ಓದಿಯೇ ಒತ್ತಿದ್ದರೆ? ಇಪ್ಪತ್ತೆಂಟು ವರ್ಷ ನೀನು ಹಿಂದಿನ ಮನೆಯಿಂದ ಚಾ ತಂದು ಅಂಗಡಿಯ ಒಳಬಾಗಿಲಲ್ಲಿ ನಿಲ್ಲುತ್ತಿದ್ದೆ. ಗಿರಾಕಿ ಇದ್ದರೆ ಲೋಟ ಇಟ್ಟು ಹೋಗುತ್ತಿದ್ದೆ, ಮತ್ತು ಯಾವಾಗಲೂ ಗಿರಾಕಿ ಇರುತ್ತಿದ್ದರು. "ಊರಿನವರ ಅರ್ಜಿಯೆಲ್ಲ ಬರೆಯುತ್ತೀರಿ, ನನ್ನ ಅರ್ಜಿ ಯಾರು ಬರೆಯಬೇಕು?" ಎಂದು ಒಂದು ಸಲ ಕೇಳಿದ್ದೆ. ನಾನು ನಕ್ಕುಬಿಟ್ಟೆ, ಕೈಯಲ್ಲಿ ಯಾರದ್ದೋ ರೇಷನ್ ಕಾರ್ಡ್ ಇತ್ತು. ಅಂಗಡಿ ಒಡೆದ ದಿನ ನಾನು ಅತ್ತೆ, ನೀನು ಅಳಲಿಲ್ಲ. ಇನ್ನಾದರೂ ಈ ಮನುಷ್ಯ ಮನೆಯಲ್ಲಿ ಇರುತ್ತಾನೆ ಎಂದು ನಿನಗೆ ಅನಿಸಿರಬಹುದು. ನಾನು ಮನೆಗೆ ಬಂದು ಕೂತೆ, ಅಷ್ಟರಲ್ಲಿ ನಿನಗೆ ಹೋಗಬೇಕಾಗಿ ಬಂತು. ಮೂರು ತಿಂಗಳೆಂದು ಹೋದವಳು, ಕೂಸು ಕೂತುಕೊಳ್ಳುವ ತನಕ ಇರಲಿ ಎಂದು ಮನ್ವಿತಾ ಕೇಳಿದಾಗ ಆಯಿತು ಎಂದವನು ನಾನೇ. ಹಾಗಾಗಿ ನಿನ್ನ ಮೇಲೆ ಸಿಟ್ಟಿಲ್ಲ. ಬೇಜಾರು ಉಂಟು, ಅದು ಬೇರೆ.

ನಕ್ಷೆಯ ಒಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಕೌಂಟರಿನ ಒಳಗೆ ನೋಡು, ಎರಡು ಸ್ಟೂಲು ಬರೆದಿದ್ದೇನೆ. ಒಂದು ನನ್ನದು. ಹಳೆ ಅಂಗಡಿಯಲ್ಲಿ ಎರಡನೆಯದಕ್ಕೆ ಜಾಗ ಇತ್ತು, ನನಗೆ ಹೊಳೆದಿರಲಿಲ್ಲ. ಚಾ ಫ್ಲಾಸ್ಕಿನಲ್ಲಿ ತಂದರೆ ಸಾಕು, ನಿಂತು ವಾಪಸ್ ಹೋಗುವುದು ಬೇಡ. ಇಷ್ಟು ಹೇಳಿದ ಮೇಲೂ ಗೋಡೆ ಇರಲಿ ಎಂದು ನಿನಗೆ ಕಂಡರೆ ಇರಲಿ, ನಾನು ಮತ್ತೆ ಕೇಳುವುದಿಲ್ಲ. ನನಗೆ ಇಲ್ಲಿ ಏನೂ ಕಮ್ಮಿ ಇಲ್ಲ. ಟಿ.ವಿ. ಇದೆ, ಬಾಲ್ಕನಿ ಇದೆ, ದಿನಕ್ಕೆ ಎರಡು ಸಲ ಲಿಫ್ಟಿನಲ್ಲಿ ಕೆಳಗೆ ಹೋಗಿ ಬರುತ್ತೇನೆ.

ಕೂಸಿನ ಹಣೆಗೆ ನನ್ನ ಪರವಾಗಿ ಒಂದು ಮುತ್ತು ಕೊಡು. ಮನ್ವಿತಾಳಿಗೂ ಅಕ್ಷಿತನಿಗೂ ಆಶೀರ್ವಾದ ತಿಳಿಸು, ಹಪ್ಪಳವನ್ನು ಮಾತ್ರ ಅವನಿಗೆ ಎಣಿಸಿ ಕೊಡು. ನಿನ್ನ ಮಂಡಿಗೆ ಎಣ್ಣೆ ಬಿಸಿ ಮಾಡಿ ಹಚ್ಚುವುದನ್ನು ಬಿಡಬೇಡ.

ಮೂರನೇ ಮಾಳಿಗೆಯಿಂದ,
ನಿನ್ನ
ಚಿತ್ತರಂಜನ

ಮರೆತ ಮಾತು: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಶೀತ ಎಂದು ಬರೆದದ್ದು ಸುಳ್ಳು. ಕಳೆದ ವಾರ ಮೂರು ದಿನ ಜ್ವರ, ಎದ್ದು ಬಾಗಿಲ ತನಕ ಹೋಗಲು ಆಗಲಿಲ್ಲ. ನಾಲ್ಕನೆಯ ದಿನ ಬಾಗಿಲು ತೆಗೆದಾಗ ಹಾಲಿನ ಚೀಲದಲ್ಲಿ ಮೂರು ದಿನದ ಪ್ಯಾಕೆಟ್ ಹುಳಿ ಬಂದಿತ್ತು. ಮೇಲಿನ ಮಾಳಿಗೆಯವರೆಲ್ಲ ಅದರ ಎದುರೇ ಹತ್ತಿ ಇಳಿದಿದ್ದಾರೆ, ಅವರ ತಪ್ಪಲ್ಲ, ಯಾರಿಗೆ ಯಾರು ಗೊತ್ತು? ಕೆಳಗೆ ಹೋದರೆ ವಾಚ್‌ಮನ್, "ಸರ್ ಮಸ್ಕತ್ತಿನಿಂದ ಯಾವಾಗ ಬಂದ್ರಿ?" ಎಂದು ಕೇಳಿದ. ಜ್ವರದ ಎರಡನೆಯ ದಿನ ನಾನು ಫೋನು ಎತ್ತದಿದ್ದಾಗ ನೀನು 'ಊಟ ಆಯ್ತಾ' ಎಂದು ಬರೆದು ಕಳಿಸಿದ್ದೆ. ನಾನೂ ಹೆಬ್ಬೆರಳು ಒತ್ತಿದೆ. ಊಟ ಆಗಿರಲಿಲ್ಲ ಶಶಿ. ಭಾನುವಾರ ಹತ್ತು ಗಂಟೆಯ ಒಳಗೆ ಗುಂಪಿನಿಂದ ನಿನ್ನ ಹೆಬ್ಬೆರಳನ್ನು ತೆಗೆದುಬಿಡು.