ದಿಮಿತ್ರಾಳ ಮೇಲೆ ಅಕ್ಕನ ಮನೆ

12 ಅಕ್ಟೋಬರ್ 1977

ಅಪ್ಪ ಇವತ್ತು ದೇವಿಯ ಗುಡಿಯೊಂದನ್ನು ಮಣ್ಣೆಳೆದು ಮುಚ್ಚಿದರು. ಇದು ಕಳ್ಳತನ. ಬೇರೆ ಹೆಸರಿಲ್ಲ.

ಅಕ್ಕ ಆರ್ಗಿರೋಳ ಮದುವೆಗೆ ಅಪ್ಪ ವರದಕ್ಷಿಣೆಯಾಗಿ ಕೊಡುವ ಮನೆ ಅಲ್ಲೇ ಏಳಬೇಕು. ಪಾಯ ತೆಗೆಯುತ್ತಿದ್ದೆವು, ನಾನು ಬುಟ್ಟಿ ಹೊರುತ್ತಿದ್ದೆ. ಗುದ್ದಲಿಗೆ ತೆನೆ ಕೆತ್ತಿದ ಕಲ್ಲು ತಾಗಿತು. ಆಮೇಲೆ ಮಣ್ಣಿನ ಪುಟ್ಟ ಹೆಂಗಸರು — ಒಬ್ಬೊಬ್ಬಳ ತೋಳಲ್ಲೂ ಒಂದು ಹಂದಿಮರಿ. ದಿಮಿತ್ರಾಳಿಗೆ ಒಪ್ಪಿಸಿದ ಹರಕೆಗಳು. ಹಳೆಯ ಕಾಲದ ದೇವಿ, ಗೋಧಿಯ ತಾಯಿ, ಪಾತಾಳ ಸೇರಿದ ಮಗಳಿಗಾಗಿ ಅತ್ತವಳು ಅವಳು, ಶಾಲೆಗೆ ಹೋದವರಿಗೆಲ್ಲ ಗೊತ್ತು.

“ಮುಚ್ಚು, ಬೇಗ ಮುಚ್ಚು! ಸರ್ಕಾರದವ್ರಿಗೆ ಗೊತ್ತಾದ್ರೆ ಬೇಲಿ ಹಾಕ್ತಾರೆ. ನಿಮ್ಮಕ್ಕ ಮುದುಕಿ ಆಗೋವರೆಗೂ ಬ್ರಷ್ ಹಿಡ್ಕೊಂಡು ಧೂಳು ಗುಡಿಸ್ತಾ ಕೂರ್ತಾರೆ.”

“ಇದು ಗ್ರೀಸಿನ ಜನರ ಸೊತ್ತು ಅಪ್ಪಾ.”

“ನಾನೇನು ಜನ ಅಲ್ವೇನೇ? ಹಂದಿನಾ?”

ಮನೆಯಿಲ್ಲದೆ ಗಂಡು ಲಿಕೂರ್ಗೋಸನ ಕಡೆಯವರು ಒಪ್ಪುವುದಿಲ್ಲ. ವರದಕ್ಷಿಣೆಯೂ ಅನ್ಯಾಯವೇ. ಒಂದು ಅನ್ಯಾಯದ ಮೇಲೆ ಇನ್ನೊಂದು... ಯಾವುದನ್ನು ಮೊದಲು ಕೀಳಬೇಕು? ನಮ್ಮ ಎಡಪಕ್ಷದ ಯುವ ಸಂಘದ ಕರಪತ್ರಗಳಲ್ಲಿ ಹುಡುಕಿದೆ. ಸಿಗಲಿಲ್ಲ.

17 ಅಕ್ಟೋಬರ್

ಪಾದ್ರಿ ಬಂದು ಪಾಯಕ್ಕೆ ಪವಿತ್ರ ನೀರು ಚಿಮುಕಿಸಿದರು. ಅಪ್ಪ ಹುಂಜ ಕೊಯ್ದರು. ರಕ್ತ ಮೂಲೆಗಲ್ಲಿನ ಮೇಲೆ. ಆ ಮೂಲೆಗಲ್ಲು ದಿಮಿತ್ರಾಳದ್ದೇ! ತೆನೆಗಳನ್ನು ಕೆಳಗೆ ಮಾಡಿ ಕೂರಿಸಿದ್ದಾರೆ. ಅಂಚಿನಲ್ಲಿ ಇಣುಕುತ್ತಿದ್ದ ಒಂದು ತೆನೆ ಪಾದ್ರಿಗೂ ಕಂಡಿತು. ಶಿಲುಬೆಯ ಗುರುತು ಮಾಡಿಕೊಂಡು ಪ್ರಾರ್ಥನೆ ಮುಂದುವರಿಸಿದರು.

ಹುಂಜ ಯಾರಿಗೆ ಸಂದಿತು? ಮೂಢನಂಬಿಕೆ ಎಂದು ಕೂಗಬೇಕೆಂದಿದ್ದೆ. ಅದರ ಬದಲು ನಾನೂ ಶಿಲುಬೆಯ ಗುರುತು ಮಾಡಿಕೊಂಡೆ. ಯಾಕೆ?

ಅಮ್ಮ ಮಣ್ಣಿನ ಹೆಂಗಸೊಬ್ಬಳನ್ನು ಏಪ್ರನ್ನಿನಡಿ ಮುಚ್ಚಿ ತಂದು ಯೇಸುವಿನ ತಾಯಿ ಮರಿಯಮ್ಮನ ಪಟದ ಪಕ್ಕ ಇಟ್ಟಿದ್ದಾಳೆ. ಇಬ್ಬರಿಗೂ ಒಂದೇ ಎಣ್ಣೆದೀಪ.

“ಇಬ್ರೂ ಮಕ್ಕಳಿಗೋಸ್ಕರ ಅತ್ತೋರು ಕಣೇ. ಜಗಳ ಆಡಲ್ಲ.”

27 ಅಕ್ಟೋಬರ್

ಗೋಡೆ ಮೊಣಕಾಲಿನವರೆಗೆ ಬಂದಿದೆ. ನಾನು ಮಾತ್ರ ಕಲಮಾತಾ ಪಟ್ಟಣದ ಪುರಾತತ್ವ ಕಚೇರಿಗೆ ನಾಳೆ ಹೋದರಾಯಿತು, ನಾಳೆ ಹೋದರಾಯಿತು... ಹೇಡಿ. ಇವತ್ತು ಕಾಯಿ ಉದುರಿಸಲು ಆಲಿವ್ ಮರದಡಿ ಬಟ್ಟೆ ಹಾಸುವಾಗ ಅಕ್ಕನಿಗೆ ಹೇಳಿಬಿಟ್ಟೆ — ದೂರು ಕೊಡುತ್ತೇನೆ, ಮನೆ ಕೆಲಸ ನಿಂತುಹೋಗುತ್ತದೆ, ಮದುವೆಯೂ ನಿಲ್ಲಬಹುದು.

“ಭಾಷಣ ಮುಗೀತಾ?” ಅಂದಳು. “ಜಾಗ ನನ್ನ ಹೆಸರಿಗಾಗಿದೆ. ನೀನ್ಯಾರೇ ಹೇಳೋಕೆ? ಹೇಳೋದಾದ್ರೆ ನಾನು ಹೇಳ್ಬೇಕು.”

“ನಿಂಗೆ ಲಿಕೂರ್ಗೋಸ್ ಬೇಡ್ವಾ?”

“ಬೇಕು. ಮನೆ ಇಲ್ದಿದ್ರೂ ಬರ್ತಾನಾ ಅಂತ ನೋಡ್ಬೇಕು.”

ನಕ್ಕಳು. ಕಣ್ಣಲ್ಲಿ ನೀರಿತ್ತು. ನಾನು ಗೆದ್ದೆನೋ ಸೋತೆನೋ ತಿಳಿಯುತ್ತಿಲ್ಲ.

30 ಅಕ್ಟೋಬರ್, ಸಂಜೆ

ನಾಳೆ ಕಲಮಾತಾಕ್ಕೆ ಹೋಗಿ ಮದುವೆ ಬಟ್ಟೆ ನೋಡಿಬರುತ್ತೇನೆಂದು ಅಕ್ಕ ಅಪ್ಪನ ಒಪ್ಪಿಗೆ ಪಡೆದಳು. ಬಟ್ಟೆ ಬರೀ ನೆಪ, ಗುಡಿಯ ವಿಷಯ ಕಚೇರಿಗೆ ಅವಳೇ ತಿಳಿಸುತ್ತಾಳಂತೆ.

“ನೀನೂ ಜೊತೆಗೆ ಹೋಗೇ,” ಅಂದರು ಅಪ್ಪ ನನಗೆ. “ಅವಳು ಮೆತ್ತಗೆ. ಅಂಗಡಿಯವ್ರು ಟೋಪಿ ಹಾಕ್ತಾರೆ.”

ತಲೆ ಎತ್ತಲಾಗಲಿಲ್ಲ.

ಲಿಕೂರ್ಗೋಸ್ ಬಾರದಿದ್ದರೆ? ಅವಳಿಗೆ ಯಾವ ಕರಪತ್ರ ಓದಿ ಹೇಳಲಿ? ಬೇಡ ಅಕ್ಕಾ, ಗೋಡೆ ಏಳಲಿ ಅನ್ನಲೇ? ನಾನೇ?

ಅಕ್ಕ ಅವನಿಗೆ ಹೇಳಿಕಳಿಸಿದ್ದಾಳಂತೆ. ಯಾಕೆಂದು ಹೇಳಿಲ್ಲವಂತೆ. ನಾಳೆ ಸೋಮವಾರ, ಬೆಳಿಗ್ಗೆ ಹತ್ತಕ್ಕೆ, ಪುರಾತತ್ವ ಕಚೇರಿಯ ಬಾಗಿಲಲ್ಲಿ ಅವನು ನಿಂತಿರಬೇಕು, ಇಲ್ಲದಿದ್ದರೆ —